ಅಳಿಸಿದ ಮೂರು ಕಾಮೆಂಟು

ಮೂರು ಕಾಮೆಂಟನ್ನೂ ಅಳಿಸಿದವಳು ನಾನೇ. ನಮ್ಮಣ್ಣ ಬಸವೇಶ ಅಲ್ಲ, ಅಂಗಡಿಯ ಹಾಲವ್ವ ಅಲ್ಲ, ಫೋನು ತಾನಾಗಿ ಅಳಿಸಿದ್ದೂ ಅಲ್ಲ. ಈಗ ಯಾರು ಕೇಳಿದರೂ ಇಲ್ಲಿಂದಲೇ ಶುರು ಮಾಡುತ್ತೇನೆ. ಬೇರೆ ಎಲ್ಲಿಂದ ಶುರು ಮಾಡಿದರೂ ನಾನು ಸ್ವಲ್ಪ ಒಳ್ಳೆಯವಳಾಗಿ ಕಾಣತೊಡಗುತ್ತೇನೆ, ಅದು ಬೇಡ.

ಸವಣೂರಿನಲ್ಲಿ ಖಾರ ಎನ್ನುವ ಕರಿದ ಸೇವು ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ನಮ್ಮದು ‘ಮೂರು ಬಾಣಲಿ ಖಾರ’. ಅಜ್ಜ ಮೂರು ಬಾಣಲಿ ಇಟ್ಟುಕೊಂಡು ಶುರು ಮಾಡಿದ್ದಕ್ಕೆ ಜನ ಇಟ್ಟ ಹೆಸರು ಅದು. ಕಡಲೆಹಿಟ್ಟು, ಬೆಳ್ಳುಳ್ಳಿ, ಮೆಣಸಿನಪುಡಿ, ಉಪ್ಪು, ಎಣ್ಣೆ, ಅಷ್ಟೇ. ಅಣ್ಣ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾನೆ, ನಾನು ಮನೆಯಲ್ಲಿ ಫೋನು ಹಿಡಿದುಕೊಂಡು ಕೂರುತ್ತೇನೆ. ಅಂಗಡಿಯ ಇನ್‌ಸ್ಟಾಗ್ರಾಂ ಪೇಜು ನನ್ನ ಕೈಯಲ್ಲಿದೆ. ಅದಕ್ಕೆಂದೇ ಹುಬ್ಬಳ್ಳಿಗೆ ಹೋಗಿ ಒಂದು ದಿನದ ತರಬೇತಿ ಮುಗಿಸಿಕೊಂಡು ಬಂದಿದ್ದೆ. ಗಿರಾಕಿ ದೂರು ಬರೆದರೆ ಅಳಿಸಬಾರದು, ಒಂದು ತಾಸಿನೊಳಗೆ ಉತ್ತರ ಕೊಡಬೇಕು ಎಂದು ಅಲ್ಲಿಯ ಮೇಡಂ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. ಗೆರೆ ಎಳೆದುಬಿಟ್ಟರೆ ಕಲಿತಂತಾಯಿತು ಎಂದುಕೊಳ್ಳುವ ಜಾತಿಯವಳು ನಾನು.

ನನಗೆ ಹೊಟ್ಟೆಕಿಚ್ಚು ಇತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಅಂಗಡಿ ಹಾಕಿದವರ ಒಂದು ರೀಲನ್ನು ಲಕ್ಷ ಜನ ನೋಡಿದ್ದರು. ನಮ್ಮದನ್ನು ನಾಲ್ಕು ನೂರು ಜನ ನೋಡಿದರೆ ಅದರಲ್ಲಿ ನೂರು ನಮ್ಮ ಬಳಗ. ನಮ್ಮ ಖಾರದ ರುಚಿಯ ಮುಂದೆ ಅವರದು ಏನೂ ಅಲ್ಲ. ಆದರೆ ಫೋನಿಗೆ ರುಚಿ ಗೊತ್ತಾಗುತ್ತದೆಯೇ? ಕ್ಯಾಮೆರಾ ಹಿಡಿದರೆ ನಮ್ಮ ಖಾರ ಒಣಗಿದ ಹುಲ್ಲಿನಂತೆ ಕಾಣುತ್ತಿತ್ತು. ಆಗ ಯಾರೋ ಒಬ್ಬ ವಿಡಿಯೋದಲ್ಲಿ ಒಂದು ಗುಟ್ಟು ಹೇಳಿಕೊಟ್ಟ. ಜಾಹೀರಾತಿನಲ್ಲಿ ತಿಂಡಿ ಹೊಳೆಯುವುದಕ್ಕೆ ಕಟ್ಟಿಗೆಯ ಪಾಲಿಶ್ ಹಚ್ಚುತ್ತಾರಂತೆ. ನಮ್ಮ ಅಂಗಡಿಗೆ ಹೊಸ ಶೋಕೇಸು ಮಾಡಿಸಿದ್ದೆವು, ಬಡಗಿ ಬಿಟ್ಟುಹೋದ ಪಾಲಿಶ್ ಬಾಟಲಿ ಹಾಗೇ ಇತ್ತು. ನಿಂಬೆಹಣ್ಣಿನ ವಾಸನೆಯ ಪಾಲಿಶ್.

ಭಾನುವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕಟ್ಟೆಯ ಮೇಲೆ ಒಂದು ಹಿತ್ತಾಳೆ ತಾಟಿನಲ್ಲಿ ಖಾರ ಗುಡ್ಡೆ ಹಾಕಿ, ಬ್ರಷ್ಷಿನಿಂದ ಎರಡು ಸಲ ಹಚ್ಚಿದೆ. ಸಾಲದು ಅನಿಸಿತು, ಮೂರನೇ ಸಲ ಮೇಲಿನಿಂದ ಸುರಿದೇಬಿಟ್ಟೆ. ಬಿಸಿಲಿಗೆ ಅದು ಬಂಗಾರದಂತೆ ಹೊಳೆಯಿತು. ವಿಡಿಯೋ ತೆಗೆದುಕೊಂಡು, ಬೇಗ ರೀಲು ಮಾಡಿ ಹಾಕಬೇಕೆಂದು ಬಾಟಲಿ ಚೀಲಕ್ಕೆ ಹಾಕಿಕೊಂಡು ಮನೆಗೆ ಓಡಿದೆ. ತಾಟು ಕಟ್ಟೆಯ ಮೇಲೆಯೇ ಉಳಿಯಿತು. ಸೋಮವಾರ ಸಂಜೆಯ ಹೊತ್ತಿಗೆ ರೀಲನ್ನು ಒಂದು ಲಕ್ಷ ಎಂಬತ್ತು ಸಾವಿರ ಜನ ನೋಡಿದ್ದರು. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು, ಹಂಸಭಾವಿ, ಎಲ್ಲಿಂದೆಲ್ಲಿಂದಲೋ ಕಾಮೆಂಟು. ಅಣ್ಣ ಗಿರಾಕಿಗಳಿಗೆ ನನ್ನ ಫೋಟೋ ತೋರಿಸಿ, “ನಮ್ಮ ತಂಗಿ ಮಾಡಿದ್ದು” ಎಂದು ಹೇಳಿಕೊಳ್ಳುತ್ತಿದ್ದನಂತೆ. ಆ ಎರಡು ದಿನ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಒಂಬತ್ತೂ ಐವತ್ತಕ್ಕೆ ಮೊದಲನೆಯದು ಬಂತು. ಫೋಟೋ ಇಲ್ಲದ ಖಾತೆ. “ನಿಮ್ಮ ಖಾರದಾಗ ಏನೇನು ಹಾಕ್ತೀರಿ? ಲಗೂನ ಹೇಳ್ರಿ” ಎಂದಿತ್ತು. ಬಸ್‌ಸ್ಟ್ಯಾಂಡಿನವರ ಕಿತಾಪತಿ ಅಂದುಕೊಂಡೆ. ಹೊಗಳಿಕೆಯ ಸಾಲಿನ ನಡುವೆ ಅದು ಕಣ್ಣಿಗೆ ಚುಚ್ಚಿತು. ಅಳಿಸಿದೆ.

ಹತ್ತೂ ಹದಿನೈದಕ್ಕೆ ಎರಡನೆಯದು ಬಂತು. “ಮಗಳಿಗೆ ಆರಾಮಿಲ್ರಿ. ಖಾರದಾಗ ಏನೈತಿ ಅಷ್ಟ ಹೇಳ್ರಿ. ಕೈ ಮುಗೀತೇನಿ.” ಓದಿದೆ. ಎದೆಯಲ್ಲಿ ಏನೋ ಅಳುಕಿತು, ಅದನ್ನು ಸುಳ್ಳು ಹೇಳುವುದಿಲ್ಲ. ಆದರೆ ರೀಲು ಎರಡು ಲಕ್ಷ ಮುಟ್ಟುವ ಹೊತ್ತು ಅದು. ಇಂಥ ಒಂದು ಮಾತು ಕೆಳಗೆ ಕೂತರೆ ನೂರು ಜನ ಅದಕ್ಕೆ ಬಾಲ ಕಟ್ಟುತ್ತಾರೆ. ಮಕ್ಕಳು ಏನೇನೋ ತಿನ್ನುತ್ತಾರೆ, ನಮ್ಮ ಖಾರದ ಮೇಲೆಯೇ ಯಾಕೆ ಹಾಕಬೇಕು ಎಂದುಕೊಂಡು ಅದನ್ನೂ ಅಳಿಸಿದೆ.

ಹತ್ತೂ ನಲವತ್ತೆರಡಕ್ಕೆ ಮೂರನೆಯದು. ನನ್ನ ಹೆಬ್ಬೆರಳು ಕಣ್ಣಿಗಿಂತ ಜೋರಾಗಿತ್ತು. ಅಳಿಸಿ, ಆ ಖಾತೆಯನ್ನೇ ಬ್ಲಾಕ್ ಮಾಡಿ, ಫೋನು ಕೆಳಗಿಟ್ಟು ಚಹಾ ಹಿಡಿದುಕೊಂಡ ಮೇಲೆ, ಓದಿದ್ದು ತಲೆಗೆ ಇಳಿಯಿತು. “ಕಾಗದಾ ಮೂಸಿದ್ರ ನಿಂಬಿಹಣ್ಣಿನ ವಾಸನಿ ಬರ್ತೈತಿ” ಎಂದಿತ್ತು.

ನಮ್ಮ ಖಾರದಲ್ಲಿ ನಿಂಬೆ ಇಲ್ಲ. ಅಜ್ಜನ ಕಾಲದಿಂದಲೂ ಇಲ್ಲ.

ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ. ಮನೆಯಿಂದ ಅಂಗಡಿಗೆ ಎರಡು ಓಣಿ. ಓಡುತ್ತಾ ಒಂದೇ ಮಾತು ಹೇಳಿಕೊಳ್ಳುತ್ತಿದ್ದೆ, ತಾಟು ಅಲ್ಲೇ ಇರಲಪ್ಪಾ, ಕಟ್ಟೆಯ ಮೇಲೆ ಹಾಗೇ ಇರಲಿ, ಇರುವೆ ಮುತ್ತಿರಲಿ. ಹಿಂದಿನ ಬಾಗಿಲಿನಿಂದ ಒಳಗೆ ಹೋದರೆ ತಾಟು ತೊಳೆದು ಗೋಡೆಗೆ ಒರಗಿಸಿಟ್ಟಿತ್ತು. ಹಾಲವ್ವ ಪೊಟ್ಟಣ ಕಟ್ಟುತ್ತಾ ಕುಳಿತಿದ್ದಳು. ನಾನು ಹುಟ್ಟುವುದಕ್ಕೂ ಮೊದಲಿನಿಂದ ನಮ್ಮಲ್ಲಿ ಪೊಟ್ಟಣ ಕಟ್ಟುವವಳು ಅವಳು.

“ಹಾಲವ್ವಾ, ಐತ್ವಾರ ಈ ತಾಟಿನಾಗ ಖಾರ ಇತ್ತಲ್ಲ, ಏನ ಮಾಡಿದಿ?”

“ಏನ ಮಾಡ್ಲಿ ಯವ್ವಾ? ಚೆಲ್ಲಾಕ ಬರ್ತೈತೇನು? ಸ್ವಾಮಾರ ಮುಂಜಾನೆ ಕೊಸರಿನ ಡಬ್ಬಿಗೆ ಹಾಕಿದೆ. ನಿಂಬಿಹುಳಿ ಘಮ ಘಮ ಅನ್ನಾಕತ್ತಿತ್ತು, ಹೊಸಾ ನಮೂನಿ ಮಾಡ್ಯಾರ ಅಂದ್ಕೊಂಡೆ.”

ಕೊಸರಿನ ವಿಷಯ ಹೇಳಬೇಕು. ತೂಕ ಮಾಡಿ ಕೊಟ್ಟ ಮೇಲೆ ಒಂದು ಹಿಡಿ ಹೆಚ್ಚಿಗೆ ಕೊಡುವುದು ಎಲ್ಲಾ ಕಡೆ ಇದೆ. ನಮ್ಮ ಅಪ್ಪ ಅದಕ್ಕೊಂದು ಪದ್ಧತಿ ಹಾಕಿದ್ದ. ನಮ್ಮಲ್ಲಿ ಕೊಸರು ಪೊಟ್ಟಣದೊಳಗೆ ಬೀಳುವುದಿಲ್ಲ. ಬೇರೆ ಕಾಗದದಲ್ಲಿ ಸುತ್ತಿ, ಗಿರಾಕಿಯ ಸಂಗಡ ಬಂದ ಮಗುವಿನ ಕೈಗೆ ಕೊಡುತ್ತೇವೆ. ಮಗು ಬಂದಿರದಿದ್ದರೆ, “ಮನ್ಯಾಗ ಸಣ್ಣವರು ಅದಾರೇನ್ರಿ?” ಎಂದು ಕೇಳಿ ಕೊಡುತ್ತೇವೆ. ದಿನದ ಕೊನೆಗೆ ಉಳಿದದ್ದು, ತಾಟಿನ ತಳದ್ದು, ಎಲ್ಲಾ ಆ ಡಬ್ಬಿಗೆ. ಊರೆಲ್ಲಾ ಈ ಪದ್ಧತಿಯನ್ನು ಮೆಚ್ಚುತ್ತಿತ್ತು. ದೊಡ್ಡವರಿಗೆ ಕೊಡದೆ ಹುಡುಕಿ ಹುಡುಕಿ ಮಕ್ಕಳಿಗೇ ಕೊಡುವ ಡಬ್ಬಿಗೆ ನನ್ನ ಪಾಲಿಶ್ ಹೋಗಿ ಬಿದ್ದಿತ್ತು.

ಮುಂದಿನ ಬಾಗಿಲಿಗೆ ಓಡಿದೆ. ಅಣ್ಣ ನಗುತ್ತಾ ಕೊಸರಿನ ಒಂದು ಸುರುಳಿಯನ್ನು ಕಟ್ಟೆಯಾಚೆ ಚಾಚಿದ್ದ. ಕೆಳಗೆ ಎರಡು ಜಡೆಯ ಒಂದು ಹುಡುಗಿ ಕೈ ಎತ್ತಿ ನಿಂತಿತ್ತು. ನಾನು ನಡುವೆ ಕೈ ಹಾಕಿ ಕಸಿದುಕೊಂಡೆ. ಹುಡುಗಿ ಅಳತೊಡಗಿತು, ಅವರಮ್ಮ ಬೈದಳು. ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದೆ. ಬೆಳ್ಳುಳ್ಳಿ, ಖಾರ, ಅದರ ಹಿಂದೆ ನಿಂಬೆ, ನಿಂಬೆಯ ಹಿಂದೆ ಸೀಮೆಎಣ್ಣೆಯಂಥದ್ದು. ಮುಚ್ಚಿಟ್ಟ ಡಬ್ಬಿಯಲ್ಲಿ ವಾಸನೆ ಹಾಗೇ ಕುಳಿತಿತ್ತು. ಖಾರ ಮಾತ್ರ ಮೂರು ಹಿಡಿಯಷ್ಟೂ ಉಳಿದಿರಲಿಲ್ಲ.

ಅಣ್ಣನನ್ನು ಒಳಗೆ ಎಳೆದುಕೊಂಡು ಹೋಗಿ ಎಲ್ಲಾ ಹೇಳಿದೆ. ಅವನ ಮುಖ ಬಿಳುಚಿಕೊಂಡಿತು. ಮೊದಲು ಆಡಿದ ಮಾತು, “ಯಾರ ಮುಂದೂ ಬಾಯಿ ಬಿಡಬ್ಯಾಡ.”

“ಸ್ವಾಮಾರದಿಂದ ಎಷ್ಟ ಮಕ್ಕಳಿಗೆ ಕೊಟ್ಟಿ?”

“ಲೆಕ್ಕಾ ಇಟ್ಟೇನೇನು ನಾ? ನಿನ್ನ ರೀಲ ನೋಡಿ ಜಾತ್ರಿ ಕೂಡಿಧಂಗ ಕೂಡಿದ್ರು. ಶೈಲಾ, ಇದು ಹೊರಗ ಬಿತ್ತಂದ್ರ ಅಂಗಡಿ ಕದಾ ಹಾಕೋದ. ಯಾರಿಗೂ ಏನೂ ಆಗಿರಾಕಿಲ್ಲ. ಒಂದ ಹಿಡಿ ಖಾರ, ಏನಾಕ್ಕೈತಿ?”

“ಒಬ್ಬಾಕಿ ಬರದಿದ್ಳು. ಮಗಳಿಗೆ ಆರಾಮಿಲ್ಲಂತ.”

“ಎಲ್ಲೈತಿ ತೋರ್ಸು.”

ತೋರಿಸಲು ಇರಲಿಲ್ಲ. ಬ್ಲಾಕ್ ಮಾಡಿದವರ ಪಟ್ಟಿ ತೆಗೆದೆ. ಮಾಹೀರಾ ಎಂದು ಹೆಸರು, ಅದರ ಮುಂದೆ ಮೂರು ಅಂಕಿ, ಇನ್ನೇನೂ ಇಲ್ಲ. ಊರಿಲ್ಲ, ಫೋಟೋ ಇಲ್ಲ. ಬ್ಲಾಕ್ ತೆಗೆದು ಮೆಸೇಜು ಕಳಿಸಿದೆ: ಅದು ಕಟ್ಟಿಗೆಯ ಪಾಲಿಶ್, ಮಗುವನ್ನು ಈಗಲೇ ದವಾಖಾನೆಗೆ ಒಯ್ಯಿರಿ, ಈ ನಂಬರಿಗೆ ಫೋನ್ ಮಾಡಿರಿ. ಹೋಯಿತು, ಆದರೆ ನೋಡಿದ ಗುರುತು ಬೀಳಲಿಲ್ಲ. ಮೂರು ಸಲ ಬಾಗಿಲು ಹಾಕಿಸಿಕೊಂಡವಳು ಮತ್ತೆ ಬಂದು ತಟ್ಟುತ್ತಾಳೆಯೇ? ಅವಳು ನೇರವಾಗಿ ಅಂಗಡಿಗೆ ಫೋನ್ ಮಾಡಬಹುದಿತ್ತಲ್ಲ ಎಂದು ಅಣ್ಣ ಕೇಳಿದ. ನಾನು ಅಲ್ಲಿದ್ದ ಒಂದು ಪೊಟ್ಟಣ ಎತ್ತಿ ಅವನ ಮುಂದೆ ಹಿಡಿದೆ. ಮೊದಲು ಅದರ ಮೇಲೆ ಅಂಗಡಿಯ ಫೋನ್ ನಂಬರು ಇರುತ್ತಿತ್ತು. ಎರಡು ತಿಂಗಳ ಹಿಂದೆ ಅದನ್ನು ತೆಗೆಸಿ, ಪೇಜಿಗೆ ಜನ ಬರಲಿ ಎಂದು ಕ್ಯೂಆರ್ ಕೋಡು ಹಾಕಿಸಿದವಳು ನಾನು. ಅವಳಿಗೆ ಇದ್ದದ್ದು ಒಂದೇ ದಾರಿ, ಅದರ ತುದಿಗೆ ಕೂತಿದ್ದವಳೂ ನಾನೇ.

ಪೇಜಿನಲ್ಲಿ ಎಚ್ಚರಿಕೆ ಹಾಕುತ್ತೇನೆ ಎಂದೆ. ಅಣ್ಣ ಫೋನು ಕಸಿಯಲು ಬಂದ. “ಅಪ್ಪ ಗಳಿಸಿದ ಅಂಗಡಿ ಹೆಸರ ಕೆಡತೈತಿ!” ಎಂದ. ಅವನ ಕಣ್ಣಲ್ಲಿ ನೀರಿತ್ತು. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಅಷ್ಟು ಹೊತ್ತಿನವರೆಗೆ ನಾನೂ ಅದೇ ಕೆಲಸ ಮಾಡಿದ್ದೆನಲ್ಲ. ಅವನ ಕೈ ಸರಿಸಿ ಬರೆದೆ: “ಸೋಮವಾರ ಬೆಳಿಗ್ಗೆಯಿಂದ ನಮ್ಮ ಅಂಗಡಿಯಲ್ಲಿ ಮಕ್ಕಳಿಗೆ ಕೊಟ್ಟ ಕೊಸರಿನ ಖಾರದಲ್ಲಿ ಕಟ್ಟಿಗೆಯ ಪಾಲಿಶ್ ಸೇರಿದೆ. ತಪ್ಪು ನಮ್ಮದು. ಉಳಿದಿದ್ದರೆ ಚೆಲ್ಲಿಬಿಡಿ. ತಿಂದ ಮಕ್ಕಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿರಿ.” ಕೆಳಗೆ ನನ್ನ ನಂಬರು.

ಹತ್ತು ನಿಮಿಷ ಕಳೆಯಿತು. ಆ ಎಚ್ಚರಿಕೆಯನ್ನು ನೋಡಿದವರು ಹದಿನಾಲ್ಕು ಜನ. ಅತ್ತ ರೀಲನ್ನು ಎರಡು ಲಕ್ಷ ಹನ್ನೊಂದು ಸಾವಿರ ಜನ ನೋಡಿದ್ದರು, ಇನ್ನೂ ನೋಡುತ್ತಿದ್ದರು. ಆ ತಾಟು ಫೋನಿನಲ್ಲಿ ಮಿರಮಿರ ಮಿಂಚುತ್ತಾ ತಿರುಗುತ್ತಿತ್ತು. ಅಳಿಸಿಬಿಡೋಣ ಎಂದು ಬೆರಳು ಹೋಯಿತು. ಆಗ ಹೊಳೆಯಿತು, ಜನ ಇರುವುದೇ ಅಲ್ಲಿ. ಅಳಿಸುವುದು ಬಿಟ್ಟು ಬೇರೆ ಕೆಲಸ ನನ್ನ ಬೆರಳಿಗೆ ಗೊತ್ತಿಲ್ಲವೇ? ಅದೇ ಎಚ್ಚರಿಕೆಯನ್ನು ರೀಲಿನ ಕೆಳಗೆ ಕಾಮೆಂಟಾಗಿ ಹಾಕಿ, ಎಲ್ಲಕ್ಕಿಂತ ಮೇಲೆ ಕಾಣುವಂತೆ ಪಿನ್ ಮಾಡಿದೆ. ಅದರೊಳಗೆ ಒಂದು ಸಾಲು ಸೇರಿಸಿದೆ: “ಮಾಹೀರಾ ಅವರ ಪರಿಚಯ ಇದ್ದವರು ದಯವಿಟ್ಟು ಫೋನ್ ಮಾಡಿರಿ.”

ಬೈಗುಳ ಸುರಿದವು. ನಮ್ಮ ವಂಶವನ್ನೇ ಜಾಲಾಡಿದರು. ಒಂದನ್ನೂ ಅಳಿಸಲಿಲ್ಲ. ಅವುಗಳ ನಡುವೆ ಬೇಕಾದದ್ದೂ ಬಂತು. ಹಾನಗಲ್ಲಿನ ಒಬ್ಬಳು, ನಮ್ಮ ಹುಡುಗ ಬಾಯಿಗೆ ಹಾಕಿಕೊಂಡು ಉಗುಳಿದ ಎಂದು ಬರೆದಳು. ಶಿಗ್ಗಾಂವಿಯವರೊಬ್ಬರು ವಾಸನೆ ಸೇರದೆ ಹಿತ್ತಲಿಗೆ ಚೆಲ್ಲಿದ್ದರಂತೆ. ಒಂದು ಮಗುವಿಗೆ ಹೊಟ್ಟೆ ಕಡಿತ ಇತ್ತು, ಡಾಕ್ಟರಿಗೆ ತೋರಿಸಲು ಹೊರಟಿದ್ದರು. ಪ್ರತಿ ಹೆಸರಿಗೂ ಉತ್ತರ ಕೊಡುತ್ತಾ ಹೋದೆ, ಪ್ರತಿ ಸಲವೂ ಮುಂದಿನದು ಓದಲು ಹೆದರಿಕೆ. ಹನ್ನೆರಡೂವರೆಗೆ ಫೋನು ಬಂತು. ಮಾತಾಡಿದವಳು ಪೂಜಾ, ಯಲವಿಗಿಯವಳು.

“ಮಾಹೀರಾ ನಮ್ಮ ಓಣ್ಯಾಗಿನಾಕಿ ರೀ. ಅಕಿ ಮಗಳು ಸುಮಯ್ಯಾಗ ಉಸುರ ಹಿಡಿಯಾಕತ್ತೈತಂತ ಹಾವೇರಿಗೆ ಒಯ್ದಾರ. ಅಕಿ ಗಂಡನ ನಂಬರ ಕೊಡ್ತೇನಿ, ಬರಕೋರಿ.”

ಮಗುವಿಗೆ ನಾಲ್ಕು ವರ್ಷವಂತೆ. ಗಂಡನ ಹೆಸರು ಮಹಮ್ಮದಗೌಸ. ಫೋನು ಹಚ್ಚಿದರೆ ಹಿಂದೆ ಯಾರೋ ಅಳುವುದು ಕೇಳುತ್ತಿತ್ತು. ಹೆಸರು ಹೇಳಿ, “ಅದು ಪಾಲಿಶ್ ರೀ, ಡಾಕ್ಟರ ಕೈಯಾಗ ಕೊಡ್ರಿ” ಎಂದೆ. ಅಷ್ಟರಲ್ಲಿ ಮನೆಯಿಂದ ತರಿಸಿಕೊಂಡಿದ್ದ ಬಾಟಲಿಯ ಮೇಲಿನ ಹೆಸರನ್ನು ಡಾಕ್ಟರಿಗೆ ಅಕ್ಷರ ಅಕ್ಷರ ಬಿಡಿಸಿ ಓದಿದೆ. ಅವರು ಅಲ್ಲಿಯವರ ಕಡೆಗೆ ತಿರುಗಿ, “ವಾಂತಿ ಮಾಡ್ಸೀರೇನ್ರಿ?” ಎಂದು ಕೂಗಿದ್ದು ನನಗೆ ಕೇಳಿಸಿತು. ಹೆಂಗಸಿನ ದನಿ, “ಹೂನ್ರಿ, ಉಪ್ಪನೀರ ಕುಡಿಸಿ ಮಾಡ್ಸೇವ್ರಿ” ಎಂದಿತು. ಬಾಟಲಿ ತೆಗೆದುಕೊಂಡು ಬನ್ನಿ ಎಂದು ಡಾಕ್ಟರು ಫೋನಿಟ್ಟರು.

ಅಣ್ಣ ಅಂಗಡಿಯ ಬಾಗಿಲು ಹಾಕಿ ಗಾಡಿ ತೆಗೆದ. ಹಾವೇರಿಯವರೆಗೂ ನಾನು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಅಂದು ಮೊದಲ ಸಲ ಓದಿದೆ. ಕುಡಿದರೆ ಅಪಾಯ, ವಾಂತಿ ಮಾಡಿಸಬಾರದು ಎಂದಿತ್ತು. ಹೊಟ್ಟೆಯಲ್ಲಿದ್ದಾಗ ಮಾಡುವುದಕ್ಕಿಂತ ಹೆಚ್ಚು ಕೇಡನ್ನು ಅದು ಮೇಲೆ ಬರುವಾಗ ಮಾಡುತ್ತದಂತೆ, ಶ್ವಾಸಕೋಶಕ್ಕೆ ಇಳಿಯುತ್ತದಂತೆ. ನಾಲ್ಕು ವರ್ಷದ ಶ್ವಾಸಕೋಶ ಎಷ್ಟಿರುತ್ತದೆ ಎಂದು ಯೋಚಿಸಿದೆ, ಆಮೇಲೆ ಯೋಚಿಸುವುದಕ್ಕೇ ಹೆದರಿದೆ. ಫೋನು ಬಾರಿಸಿದಾಗಲೆಲ್ಲಾ ಮಗು ಹೋಯಿತು ಎನ್ನುವ ಸುದ್ದಿಯೇ ಬಂತು ಎಂದುಕೊಳ್ಳುತ್ತಿದ್ದೆ.

ದವಾಖಾನೆಯ ಮಕ್ಕಳ ವಾರ್ಡಿನಲ್ಲಿ ಸುಮಯ್ಯ ಮೂಗಿಗೆ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದಳು. ಉಸಿರು ಎಳೆದಾಗಲೆಲ್ಲಾ ಪಕ್ಕೆಲುಬು ಎದ್ದು ಕಾಣುತ್ತಿತ್ತು. ಡಾಕ್ಟರು ಬಾಟಲಿ ನೋಡಿ, ಎದೆಗೆ ಇಳಿದಿದೆ, ಎರಡು ದಿನ ನೋಡದೆ ಏನೂ ಹೇಳಲಾಗದು, ಆದರೆ ಏನೆಂದು ಗೊತ್ತಾದ್ದರಿಂದ ದಾರಿ ಸಿಕ್ಕಿತು ಎಂದರು. ಮಹಮ್ಮದಗೌಸ ಅಣ್ಣನ ಅಂಗಿ ಹಿಡಿದ. “ತಿನ್ನೋದ್ರಾಗ ಪಾಲಿಶ್ ಹಾಕ್ತೀರೇನ್ರಿ ನೀವು? ಮಕ್ಕಳಿಗೆ ಕೊಡೋದ್ರಾಗ?” ಅಣ್ಣ ಬಿಡಿಸಿಕೊಳ್ಳಲಿಲ್ಲ, ತಲೆ ತಗ್ಗಿಸಿ ನಿಂತ. ನರ್ಸು ಬಂದು ಇಬ್ಬರನ್ನೂ ಹೊರಗೆ ಕಳಿಸಿದರು.

ಒಳಗೆ ನಾನು ಮತ್ತು ಮಾಹೀರಾ ಉಳಿದೆವು. ನನಗಿಂತ ಸಣ್ಣವಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಮಂಚದ ತುದಿ ತೋರಿಸಿ, “ಕುಂದರ್ರಿ ಅಕ್ಕಾರ” ಎಂದಳು. ಕುಳಿತೆ. ನನ್ನ ಕೈಯ ಹತ್ತಿರವೇ ಮಗುವಿನ ಪಾದ ಇತ್ತು.

“ನಾ ಬರದಿದ್ದು ಒಂದೂ ನಿಮಗ ಮುಟ್ಟಲಿಲ್ಲ ಕಾಣ್ತೈತ್ರಿ,” ಎಂದಳು. “ಒಂದ ಸಲ ಬರದೆ, ಹೋತು. ಮತ್ತ ಬರದೆ, ಅದೂ ಹೋತು. ಮೂರನೇ ಸಲ ಬರದ ಮ್ಯಾಲೆ ನಿಮ್ಮ ಪೇಜ ಕಾಣವಲ್ದಾತು. ನಮ್ಮೂರಾಗ ನೆಟ್‌ವರ್ಕ್ ಭಾಳ ಕೆಟ್ಟ ಐತ್ರಿ.”

ಅವಳು ಮಗುವಿನ ಹಣೆ ಒರೆಸುತ್ತಾ ಹೇಳುತ್ತಲೇ ಇದ್ದಳು. “ಮುಂಜಾನೆ ತಿಂದಾಕಿ, ಗಂಟಲಾ ಉರಿತೈತಿ ಅಂದ್ಳು, ಕೆಮ್ಮಾಕತ್ತಿದ್ಳು. ಓಣ್ಯಾಗಿನವರೆಲ್ಲಾ ಉಪ್ಪನೀರ ಕುಡಸು ಅಂದ್ರು. ಅಂಗನವಾಡಿ ಟೀಚರ ಒಬ್ರ ಬ್ಯಾಡಂದ್ರು. ಸೀಮೆಎಣ್ಣಿ ಜಾತೀದು ಏನರೆ ಇದ್ರ ವಾಂತಿ ಮಾಡಿಸಬಾರದು, ಮೊದಲ ಅಂಗಡಿಯವರನ್ನ ಕೇಳು ಅಂದ್ರು. ಅದಕ್ಕ ಒಂದ ತಾಸು ಎಲ್ಲಾರನ್ನೂ ತಡದೇನ್ರಿ. ಅವರು ಹೇಳ್ತಾರ, ಈಗ ಹೇಳ್ತಾರ ಅಂತ ಫೋನ್ ಹಿಡಕೊಂಡ ಕುಂತಿದ್ದೆ. ಆಮ್ಯಾಲೆ ನಮ್ಮತ್ತಿ ಕೇಳಲಿಲ್ಲ. ನಿಮ್ಮ ಮ್ಯಾಲೆ ಸಿಟ್ಟ ಐತ್ರಿ ನನಗ. ಆದ್ರ ಗೊತ್ತಾದ ಕೂಡ್ಲೇ ಹುಡುಕಿ ಫೋನ್ ಮಾಡಿದ್ರಲ್ಲ, ಮುಚ್ಚಿಡಲಿಲ್ಲಲ್ಲ.”

ಅವಳ ಮಾತಿಗೆ ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ನೆಟ್‌ವರ್ಕಿನ ತಲೆಗೆ ಕಟ್ಟಿ ನಾನು ಎದ್ದು ಬರಬಹುದಿತ್ತು, ಲೋಕದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಆಸೆ ಬಂತು. ಎಷ್ಟು ಜೋರಾಗಿ ಬಂತೆಂದರೆ ನನ್ನ ಬಗ್ಗೆ ನನಗೇ ಹೆದರಿಕೆಯಾಯಿತು.

“ನೆಟ್‌ವರ್ಕ್ ಅಲ್ಲ ಯವ್ವಾ,” ಎಂದೆ. “ಮುಟ್ಟಿದ್ವು. ಮೂರೂ ಮುಟ್ಟಿದ್ವು. ನಾನ ಅಳಿಸಿದೆ.”

ಅವಳ ಕೈ ಮಗುವಿನ ಹಣೆಯ ಮೇಲೆ ನಿಂತಿತು. ನನ್ನನ್ನೇ ನೋಡಿದಳು. ಓದದೆಯೇ ಅಳಿಸಿರಬಹುದು ಎನ್ನುವ ಒಂದು ನಂಬಿಕೆಯನ್ನು ಅವಳು ನನಗಾಗಿ ಇನ್ನೂ ಹಿಡಿದುಕೊಂಡಿದ್ದಳು.

“ಓದಿದ್ರೇನ್ರಿ?”

“ಓದಿದ್ದೆ.”

ಮಾಹೀರಾ ಎದ್ದಳು. ಮಂಚವನ್ನು ಸುತ್ತಿ ಬಂದು, ನನಗೂ ಮಗಳಿಗೂ ನಡುವೆ ಬೆನ್ನು ತಿರುಗಿಸಿ ಕುಳಿತಳು.